ಚೀಟಿ ಎತ್ತದ ಆಟ

ಆಗೆಲ್ಲ ಕೆರಗೋಡಿನ ಕಡೆ ಕಬ್ಬು ಕಡಿಯಲು ಶುರುವಾದರೆ ಊರಿಗೆ ಊರೇ ಬೆಲ್ಲದ ವಾಸನೆ ಹೊಡೆಯುತ್ತಿತ್ತು ಎಂದು ಬರೆಯಲು ಹೊರಟೆ. ಬರೆದ ಮೇಲೆ ಅನುಮಾನ ಬಂತು. ಬೆಲ್ಲದ ವಾಸನೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಅದಕ್ಕೇ ಅದು ಮೊದಲು ಬಂದು ನಿಲ್ಲುತ್ತದೆ. ಅದನ್ನು ಸರಿಸಿದರೆ ಮೂಗಿಗೆ ಬರುವುದು ಸುಟ್ಟ ಕೂದಲಿನ ವಾಸನೆ.

ನನಗೆ ಹತ್ತು ವರ್ಷ. ಸೈನ್ಯದಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಿದ್ದ. ಟಿವಿಯಲ್ಲಿ ದಿನವಿಡೀ ಬಾಂಬು ಸಿಡಿದ ಮಾರುಕಟ್ಟೆ, ರಕ್ತ ಮೆತ್ತಿದ ಚಪ್ಪಲಿಗಳು. ಆಲೆಮನೆಯಲ್ಲಿ ಕೂತ ಗಂಡಸರು, "ಒಳಕ್ಕೆ ನುಗ್ಗಿ ಸುಟ್ಟಾಕ್ಬೇಕು ಕಣ್ಲಾ, ಒಂದ್ ದಿನದ ಕೆಲ್ಸ" ಎನ್ನುತ್ತಿದ್ದರು. ಚಿಕ್ಕಪ್ಪ ಬಿಸಿ ಬೆಲ್ಲವನ್ನು ಕಬ್ಬಿನ ಸಿಬಿರಿನಿಂದ ಕೆರೆದು ತಿನ್ನುತ್ತಿದ್ದ.

ಮಕ್ಕಳಿಗೆ ಮಾತ್ರ ಅವನು ಒಂದು ಆಟ ಹೇಳಿಕೊಟ್ಟ. ಅದರ ಹೆಸರು ಕಾರ್ಡನ್. "ನಾಕೂ ಕಡೆ ಸುತ್ಕಬೇಕು. ಮೊದ್ಲು ಈಚೆ ಬಾ ಅಂತ ಮೂರು ಸಲ ಕೂಗ್ಬೇಕು. ಬರ್ನಿಲ್ಲ ಅಂದ್ರೆ ನುಗ್ಗೋದು." ಕೂಗುವ ನಿಯಮ ನಮಗೆ ಬೇಸರ ತರಿಸಿತು. ಮೂರನೇ ದಿನಕ್ಕೆ ಬಿಟ್ಟೆವು.

ಆಡುತ್ತಿದ್ದದ್ದು ನಮ್ಮದೇ ಗದ್ದೆಯಲ್ಲಿ. ಸುತ್ತಲೂ ಕಡಿದು ನಡುವೆ ಒಂದು ಕೋಣೆಯಷ್ಟು ಕಬ್ಬು ಉಳಿದಿತ್ತು. ಕಡಿದ ಕಡೆಯೆಲ್ಲ ಒಣ ತರಗು ಮೊಣಕಾಲಿನವರೆಗೆ. ನಾನು, ನಮ್ಮ ದೊಡ್ಡಪ್ಪನ ಮಗ ಮಂಜ, ಇನ್ನಿಬ್ಬರು ಹುಡುಗರು ಸೈನಿಕರು. ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ನಿಂಗಯ್ಯನ ಮಗ ಕುಮಾರ ಭಯೋತ್ಪಾದಕ. ದಿನವೂ ಚೀಟಿ ಎತ್ತಿ ಆರಿಸುತ್ತಿದ್ದೆವು ಎಂದು ನನ್ನ ನೆನಪು. ಸಿಕ್ಕಿಬಿದ್ದವನಿಗೆ ಕಬ್ಬಿನ ಜಲ್ಲೆಯಿಂದ ನಿಜವಾಗಿಯೇ ಹೊಡೆಯುತ್ತಿದ್ದೆವು. ಒಂದು ದಿನ ಮಂಜ ಅವನ ಬಾಯಿಗೆ ಮಣ್ಣು ತುರುಕಿದ. ಕುಮಾರ ಉಗಿದು, ಒಡೆದ ತುಟಿಯಲ್ಲೇ ನಕ್ಕು, "ಲೇ ಶೋಭಿ, ನೀನ್ ಒಡ್ದಿದ್ದು ಸೊಳ್ಳೆ ಕಚ್ದಂಗಾಯ್ತು ಕಣೇ" ಎಂದ.

ಅದೇ ವಾರ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ: ಭಯೋತ್ಪಾದನೆಗೆ ಸೇನಾ ಬಲವೇ ಮದ್ದು. ನಾನು ಪರ. ಚಿಕ್ಕಪ್ಪನನ್ನು ಕೇಳಿದೆ.

"ಮದ್ದಾ?" ಎಂದ. "ಒಳಗಿಂದ ಒಬ್ಬ ಗುಂಡು ಆರಿಸ್ತಾ ಇದ್ರೆ ನಿಂತ್ಕಂಡು ಭಾಷಣ ಮಾಡಕಾಯ್ತದಾ? ಒಡೀಲೇಬೇಕು. ನಾನೂ ಒಡ್ದಿವ್ನಿ."

"ಹಂಗಾದ್ರೆ ಮುಗೀತಲ್ಲ?"

"ಅವನು ಮುಗೀತಾನೆ. ಮನೇನೂ ಮುಗೀತದೆ. ಆ ಮನೆ ಐಕ್ಳು ಬಾಗ್ಲಾಚೆ ನಿಂತ್ಕಂಡು ನಮ್ಮನ್ನ ನೋಡ್ತವಲ್ಲ..." ಅಲ್ಲಿಗೆ ನಿಲ್ಲಿಸಿದ. "ನೀನು ಪರ ಮಾತಾಡು. ಗೆಲ್ತೀಯ."

ಸ್ಪರ್ಧೆಗೆ ಎರಡು ದಿನ ಮುಂಚೆ ಕುಮಾರ ಕಬ್ಬಿನೊಳಗೆ ಹೊಕ್ಕವನು ಎಷ್ಟು ಹೊತ್ತಾದರೂ ಸಿಗಲಿಲ್ಲ. ಒಳಗಿಂದ ಒಂದು ಮಣ್ಣಿನ ಹೆಂಟೆ ಹಾರಿ ಬಂದು ಮಂಜನ ಹಣೆ ಒಡೆಯಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದಂತೆ ಮಂಜ ಆಲೆಮನೆಯ ಗಂಡಸರ ದನಿಯಲ್ಲೇ, "ಸುಟ್ಟಾಕ್ಬೇಕು ಕಣ್ಲಾ" ಎಂದು ಕಿರುಚಿದ. ಬೆಂಕಿಪೊಟ್ಟಣ ನನ್ನ ಕೈಯಲ್ಲಿತ್ತು. ಅದು ಹೇಗೆ ಬಂತೆಂಬುದಕ್ಕೆ ನನ್ನ ಬಳಿ ಮೂರು ಕತೆಗಳಿವೆ, ಮೂರರಲ್ಲೂ ಗೀರಿದ್ದು ನಾನೇ. ಅವತ್ತು ಗಾಳಿ ಬೀಸುತ್ತಿತ್ತು ಎಂದು ಬಹಳ ವರ್ಷ ನಂಬಿದ್ದೆ. ಗಾಳಿಯಿದ್ದರೆ ಅರ್ಧ ತಪ್ಪು ಗಾಳಿಯದು. "ಒಂದೆಲೆ ಅಲ್ಲಾಡ್ತಿರ್ನಿಲ್ಲ" ಎನ್ನುತ್ತಾನೆ ಮಂಜ.

ತರಗು ಪಟಾಕಿಯಂತೆ ಸಿಡಿಯಿತು. ಒಳಗಿಂದ ಕೂಗು ಬಂತು. "ಲೇ ಶೋಭಿ! ಸೋತೆ ಕಣೇ! ನಾನ್ ಸೋತೆ!"

ನಮ್ಮ ಆಟದಲ್ಲಿ ಸೋಲನ್ನು ಒಪ್ಪಿಕೊಳ್ಳುವ ನಿಯಮವೇ ಇರಲಿಲ್ಲ. ಅವನು ಒಂದು ಕಡೆಯಿಂದ ತಲೆ ಹೊರಗೆ ಹಾಕಿದ. ಮಂಜ ಜಲ್ಲೆಯಿಂದ ಮುಖಕ್ಕೆ ಬಾರಿಸಿ ಮತ್ತೆ ಒಳಗಟ್ಟಿದ. ನಾಲ್ಕು ಜನ ನಾಲ್ಕು ದಿಕ್ಕಿಗೆ ನಿಂತಿದ್ದೆವು.

ಆಲೆಮನೆಯಿಂದ ಓಡಿ ಬಂದ ಚಿಕ್ಕಪ್ಪ ಒದ್ದೆ ಗೋಣಿ ಹೊದ್ದು ನುಗ್ಗಿದ, ಕುಮಾರನನ್ನು ಕಾಲು ಹಿಡಿದು ಎಳೆದು ತಂದ. ಒಂದು ಕಡೆಯ ಕೂದಲಿರಲಿಲ್ಲ. ಕಿವಿ ಮುದುಡಿತ್ತು. ಎಡಗೈಯ ಚರ್ಮ ಸುಟ್ಟ ಬದನೆಯ ಸಿಪ್ಪೆಯಂತೆ ಜಾರಿತ್ತು.

"ಯಾರ್ಲಾ ಬೆಂಕಿ ಅಚ್ಚಿದ್ದು?" ಎಂದ ಚಿಕ್ಕಪ್ಪ.

"ಅವ್ನೇ," ಎಂದೆ ನಾನು. "ಒಳಗೆ ಬೀಡಿ ಸೇದ್ತಿದ್ದ."

ಓಡಿ ಬಂದ ನಿಂಗಯ್ಯ ಅದನ್ನು ಕೇಳಿಸಿಕೊಂಡ. ಉರಿಯುತ್ತಿದ್ದದ್ದು ಒಡೆಯರ ಕಬ್ಬು. ಕುಡುಗೋಲು ಬಿಸಾಡಿ, ಜಲ್ಲೆ ಎತ್ತಿಕೊಂಡು, ಬೆಂದು ಬಿದ್ದಿದ್ದ ಮಗನ ಬೆನ್ನಿಗೇ ಬಾರಿಸತೊಡಗಿದ. ಕುಮಾರ ನನ್ನನ್ನು ನೋಡಿದ. ಚಿಕ್ಕಪ್ಪ ನಿಂಗಯ್ಯನನ್ನು ತಳ್ಳಿ, ನನ್ನ ಕಾಲ ಬಳಿ ಬಿದ್ದಿದ್ದ ಬೆಂಕಿಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡ. ಹುಡುಗನನ್ನು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಒಯ್ದ.

ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ, ಸ್ಟೀಲ್ ಲೋಟ. ಚಿಕ್ಕಪ್ಪ ಆಮೇಲಿನ ಯಾವ ರಜೆಯಲ್ಲೂ ನಮಗೆ ಆಟ ಹೇಳಿಕೊಡಲಿಲ್ಲ.

ಈಗ ನಾನು ಮದ್ದೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ಟೀಚರು. ಕಳೆದ ವಾರ ಚರ್ಚಾಸ್ಪರ್ಧೆ ಶುರುವಾಗುವ ಹೊತ್ತಿಗೆ ಕರೆಂಟು ಹೋಯಿತು. ಬಂದ ಲೈನ್‌ಮನ್ ಕುಮಾರ. ಮುದುಡಿದ ಕಿವಿ, ಅಂಟಿಕೊಂಡ ಮೂರು ಬೆರಳು. ಬೋರ್ಡಿನ ಮೇಲಿನ ಅದೇ ಹಳೇ ವಿಷಯ ಓದಿದ.

"ಇನ್ನೂ ಇದೇನಾ ಮೇಡಂ?"

"ಪರ, ವಿರೋಧ ಯಾರು ಅಂತ ಚೀಟಿ ಎತ್ತಿಸಿದ್ದೀನಿ," ಎಂದೆ. "ಆಟದಲ್ಲಿ ನಾವೂ ಎತ್ತುತ್ತಿದ್ವಲ್ಲ, ಹಂಗೆ."

"ಯಾವ್ ಚೀಟಿ?" ಅವನು ನಕ್ಕ. "ದಿನಾ ನಾನೇ ಅಲ್ವಾ ಒಳಕ್ಕೋಯ್ತಿದ್ದಿದ್ದು."

ಫ್ಯೂಸಿಗೆ ತಂತಿ ಸುತ್ತುತ್ತಿದ್ದ ಕೈಯನ್ನೇ ನೋಡುತ್ತ ಹೇಳಿಬಿಟ್ಟೆ. "ಹಚ್ಚಿದ್ದು ನಾನು, ಕುಮಾರ."

"ಗೊತ್ತು ಬುಡಿ. ಸೋಗೆ ಸಂದೀಲಿ ನಿಮ್ ಲಂಗ ಕಾಣ್ತಿತ್ತು."

"ಅವತ್ತು ಯಾಕೆ ಹೇಳಲಿಲ್ಲ?"

"ಯೋಳಿದ್ರೆ ನಮ್ಮಪ್ಪಂಗೆ ನಿಮ್ ಗದ್ದೇಲಿ ಕೆಲ್ಸ ಇರ್ತಿತ್ತಾ?"

ಫ್ಯಾನು ತಿರುಗಿತು, ಮಕ್ಕಳು ಕೇಕೆ ಹಾಕಿದರು. ಪರ ಮಾತಾಡುವ ಹುಡುಗಿ ಎದ್ದು ನಿಂತಳು. ಕುಮಾರ ಇಕ್ಕಳವನ್ನು ಚೀಲಕ್ಕೆ ಹಾಕಿ, "ಬತ್ತೀನಿ ಮೇಡಂ" ಎಂದು ಹೊರಟ.

ಆ ಗದ್ದೆ ಈಗಲೂ ಇದೆ. ಕಬ್ಬಿದೆ, ಆಲೆಮನೆಯಿದೆ, ಬೆಲ್ಲದ ವಾಸನೆಯೂ ಇದೆ. ಅವನು ನನ್ನನ್ನು "ಲೇ ಶೋಭಿ" ಎಂದು ಕೊನೆಯ ಸಲ ಕರೆದದ್ದು ಉರಿಯುವ ಕಬ್ಬಿನ ಒಳಗಿಂದ.