ಐತಿ, ಐತೆ ಮತ್ತು ಘೋಸ್ಟ್

ಐತಿ ಎಂದು ಬರೆದರೆ ಫೋನು ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು. ನಮ್ಮ ಮಾತು ತಪ್ಪು ಎನ್ನಲು ಇದ್ಯಾವ ಸೀಮೆಯ ಮೇಷ್ಟ್ರು ಎಂದು ಸಿಟ್ಟು ಬಂದು, ನಮ್ಮ ಕಡೆಯ ಮಾತನ್ನೂ ಒಪ್ಪುವ ಕಾಗುಣಿತ ತಂತ್ರಾಂಶ ಬರೆಯಲು ಕೂತೆ. ಕೊಟ್ಟೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನಗೆ ಜೊತೆಯಾದವರು ಹರಪನಹಳ್ಳಿಯ ಡಿಟಿಪಿ ಅಂಗಡಿಯವರೊಬ್ಬರು. ಲಗ್ನಪತ್ರಿಕೆ ಮಾಡಿಕೊಡುತ್ತಲೇ ಪ್ರೋಗ್ರಾಮಿಂಗ್ ಕಲಿತವರು. ಆರು ವರ್ಷ ಇಬ್ಬರೂ ಒಂದೇ ಜಾಲತಾಣದಲ್ಲಿ ಕೋಡ್ ಇಟ್ಟು ಕೆಲಸ ಮಾಡಿದೆವು. ಯಾರು ಯಾವ ಸಾಲು ತಿದ್ದಿದರು ಎಂದು ಅದು ಹೆಸರು ಸಮೇತ ತೋರಿಸುತ್ತಿತ್ತು, ಪ್ರತಿ ತಿದ್ದುಪಡಿಯ ಕೆಳಗೆ ವಾದ ಮಾಡಲು ಜಾಗವಿತ್ತು. ನಾನು ಐತಿ ಸೇರಿಸಿದರೆ ಅವರು ಐತೆ ಎನ್ನುತ್ತಿದ್ದರು. ನಾನು ಅದಾನ, ಅವರು ಅದಾನೆ. ಗಂಟೆಯ ಬಸ್ ದಾರಿಯ ಎರಡು ಊರಿನವರು ಒಂದು ಸ್ವರಕ್ಕೆ ವಾರಗಟ್ಟಲೆ ಜಗ್ಗಾಡುತ್ತಿದ್ದೆವು.

ಒಂದು ದಿನ ಆ ಜಾಲತಾಣವನ್ನು ದೈತ್ಯ ಕಂಪನಿಯೊಂದು ಕೊಂಡುಕೊಂಡಿತು. ಕೋಡ್ ಬರೆಯುವವರ ಗುಂಪುಗಳಲ್ಲಿ ಗದ್ದಲವೋ ಗದ್ದಲ. ಕೆಲವರು ಎಲ್ಲ ಮುಗಿಯಿತೆಂದು ಗೋಳಾಡಿದರು, ಕೆಲವರು ಗಂಟುಮೂಟೆ ಕಟ್ಟಿ ಬೇರೆ ತಾಣಕ್ಕೆ ಹೊರಟರು, ಉಳಿದವರು ಹೊರಟವರನ್ನು ಆಡಿಕೊಂಡರು. ಓದಿ ಓದಿ ನನಗೆ ಸಾಕಾಗಿತ್ತು. ಹಿಂದೆ ಎರಡು ತಾಣಗಳು ಬಾಗಿಲು ಮುಚ್ಚಿದಾಗ ನನ್ನ ಹಳೆಯ ಕೆಲಸವನ್ನೆಲ್ಲ ಹೊತ್ತು ತಿರುಗಿದ್ದೆ.

ಅಷ್ಟರಲ್ಲಿ ಹರಪನಹಳ್ಳಿಯಿಂದ ಅವರ ಫೋನ್ ಬಂತು.

"ಮೇಡಂ, ಮನೆ ಮಾರಿಬಿಟ್ಟಾರೆ. ನಾವು ಖಾಲಿ ಮಾಡೋಣ."

"ಮಾಲೀಕ ಬದಲಾದ್ರ ನಮಗೇನ್ರಿ ಸರ್? ಗ್ವಾಡಿ ಅಲ್ಲೇ ಅದಾವ, ನಳ ಬರತೈತಿ."

"ನಮ್ಮನ್ನ ಒಂದ್ ಮಾತು ಕೇಳಿದ್ರಾ? ನಾವು ಪುಕ್ಕಟೆ ದುಡಿದಿದ್ದನ್ನ ಮಾರ್ಕೊಂಡಾರೆ. ನೀವು ಬರ್ತೀರೋ ಇಲ್ವೋ ಹೇಳಿ."

"ನನಗ ಸಾಕಾಗೈತ್ರಿ."

"ಹಂಗಾದ್ರೆ ನಾನೊಬ್ನೇ ಹೋಗ್ತೀನಿ."

ಹೋಗಬೇಡಿ, ನಿಮ್ಮ ಜಗಳವಿಲ್ಲದೆ ನನಗೆ ಈ ಕೆಲಸ ರುಚಿಸುವುದಿಲ್ಲ ಎನ್ನಬೇಕಿತ್ತು. ಮೇಜಿನ ಮೇಲೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ರಾಶಿಯಿತ್ತು. "ಆತು ಬಿಡ್ರಿ" ಎಂದುಬಿಟ್ಟೆ.

ಎರಡು ದಿನಕ್ಕೆ ಅವರು ಕೋಡಿನ ನಕಲು ತೆಗೆದುಕೊಂಡು, ತಮ್ಮ ಖಾತೆಯನ್ನೇ ಅಳಿಸಿ ಹೊರಟರು. ನಮ್ಮ ವಾದಗಳು ನನ್ನ ಖಾತೆಯಲ್ಲಿದ್ದುದರಿಂದ ಅಲ್ಲೇ ಉಳಿದವು. ಆದರೆ ಖಾತೆ ಅಳಿಸಿದವರ ಹೆಸರಿನ ಜಾಗದಲ್ಲಿ ಆ ತಾಣ 'ಘೋಸ್ಟ್' ಎಂದು ತೋರಿಸುತ್ತದೆ. ಆರು ವರ್ಷ ನಾನು ದೆವ್ವದ ಜೊತೆ ಜಗಳವಾಡಿದಂತಾಯಿತು. ಮೊದಲು ನಗು ಬಂತು, ಆಮೇಲೆ ಬಹಳ ಸಂಕಟವಾಯಿತು. ಮುಂದೆ ನಾನು ಸೇರಿಸಿದ ಯಾವ ಪದಕ್ಕೂ ತಕರಾರು ಬರಲಿಲ್ಲ. ಹೊಸ ತಾಣದಲ್ಲಿ ಅವರೂ ಒಬ್ಬರೇ ಪದ ಸೇರಿಸುತ್ತಿದ್ದರು. ಫೋನ್ ಮಾಡಲು ಇಬ್ಬರಿಗೂ ಬಿಗುಮಾನ. ಹಾಗೇ ವರ್ಷಗಳು ಕಳೆದವು.

ಹೋದ ತಿಂಗಳು ಹಡಗಲಿ ಕಡೆಯ ಶಿಕ್ಷಕಿಯೊಬ್ಬರು ಈ ಕೆಲಸಕ್ಕೆ ಕೈಜೋಡಿಸಿದರು. ಹಳೆಯ ವಾದಗಳನ್ನೆಲ್ಲ ಓದಿ, "ಮೇಡಂ, ಈ ಘೋಸ್ಟ್ ಯಾರ್ರಿ? ಭಾಳ ಕಡಿ ಅವರು ಹೇಳಿದ್ದ ಖರೆ ಅನಸ್ತೈತಿ" ಎಂದು ಕೆಳಗೆ ಬರೆದಿದ್ದರು. ಉತ್ತರವಾಗಿ ಹರಪನಹಳ್ಳಿಯವರ ಹೆಸರು ಟೈಪು ಮಾಡಿದೆ. ತಾವಾಗಿ ಅಳಿಸಿಕೊಂಡು ಹೋದವರ ಹೆಸರನ್ನು ಮತ್ತೆ ಬರೆಯಲು ನಾನ್ಯಾರು ಎನ್ನಿಸಿ ತೆಗೆದುಹಾಕಿದೆ. "ಹೌದ್ರಿ, ಭಾಳ ಸಲ ಅವರದೇ ಖರೆ ಇತ್ತು" ಎಂದಷ್ಟೇ ಬರೆದು ಕಳಿಸಿದೆ. ಅವರೆದುರು ಒಮ್ಮೆಯೂ ಆಡದ ಮಾತನ್ನು, ಅವರು ಇನ್ನೆಂದೂ ಬಂದು ಓದದ ಜಾಗದಲ್ಲಿ ಬರೆದಿದ್ದೆ.