ಕಾಫಿ ಹೂವು ಉದ್ದವಾದ ಕತೆ

ಕಳೆದ ವಾರ ಒಬ್ಬ ಮದುಮಗಳ ತೋಳು ಹಾಳು ಮಾಡಿದೆ. (ಗಾಬರಿಯಾಗಬೇಡಿ, ಬ್ಲೌಸಿನ ತೋಳು.)

ಬಣಕಲ್‌ನಲ್ಲಿ ನನ್ನದೊಂದು ಎಂಬ್ರಾಯ್ಡರಿ ಅಂಗಡಿ ಇರುವುದು ನಿಮಗೆ ಗೊತ್ತೇ ಇದೆ. ಡಿಸೈನ್ ಮಾಡುವ ಸಾಫ್ಟ್‌ವೇರ್ ಬಲು ಹಳೆಯದು. ಅದನ್ನು ಓಡಿಸುತ್ತಿದ್ದ ಕಂಪ್ಯೂಟರ್ ಈ ಮಳೆಗಾಲದಲ್ಲಿ ಕಣ್ಣು ಮುಚ್ಚಿತು. ಹೊಸ ಕಂಪ್ಯೂಟರಿಗೂ ಹಳೇ ಸಾಫ್ಟ್‌ವೇರಿಗೂ ಆಗಿಬರಲಿಲ್ಲ. ಕೊನೆಗೆ ಮೂಡಿಗೆರೆಯಿಂದ ಬಂದ ರಿಪೇರಿಯ ನವೀನ, ಹೊಸದರ ಒಳಗೇ ವರ್ಚುವಲ್ ಮಷೀನ್ ಅಂತ ಒಂದನ್ನು ಹಾಕಿಕೊಟ್ಟ. ಅಂದರೆ, ಹೊಸ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಹಳೇ ಕಂಪ್ಯೂಟರ್. ಒಂದೇ ಅಡುಗೆಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ!

ಶುರು ಮಾಡಿದರೆ ಸ್ಕ್ರೀನಿನ ನಡುವೆ ಅಂಗೈಯಗಲದ ಚಿತ್ರ, ಸುತ್ತ ಕಪ್ಪು. ಮೌಸ್ ಅಲ್ಲಾಡಿಸಿದರೆ ಬಾಣದ ಗುರುತು ಯೋಚಿಸಿ ಯೋಚಿಸಿ ಹೊರಡುತ್ತಿತ್ತು. ಮೆನುಗಳಲ್ಲಿ ತಡಕಾಡಿ ಹೇಗೋ ಚಿತ್ರವನ್ನು ಇಡೀ ಸ್ಕ್ರೀನಿಗೆ ಎಳೆದೆ. ತುಂಬಿತು. ಅಷ್ಟು ಸಾಕು ಅನ್ನಿಸಿತು. ಸುಸ್ತಾದವರು ಬೇಗ ತೃಪ್ತರಾಗುತ್ತಾರೆ, ಗಮನಿಸಿದ್ದೀರಾ?

ಆಗಲೇ ಬಂದವಳು ಕೊಟ್ಟಿಗೆಹಾರದ ದೀಕ್ಷಾ. ಕೈಯಲ್ಲಿ ಧಾರೆ ಸೀರೆಯಿಂದಲೇ ಕತ್ತರಿಸಿದ ಬ್ಲೌಸ್ ಪೀಸ್. ಎರಡೂ ತೋಳಿಗೆ ದುಂಡನೆಯ ಕಾಫಿ ಹೂವಿನ ಗೊಂಚಲು ಬೇಕಂತೆ.

"ತೋಟ ಹೂವಾದಾಗ್ಲೇ ಅಕ್ಕ, ಅವ್ರು ನನ್ನ ನೋಡೋಕೆ ಬಂದಿದ್ದು. ಅದಕ್ಕೇ," ಎಂದು ನಾಚಿದಳು.

ಸ್ಕ್ರೀನಿನಲ್ಲಿ ಗೊಂಚಲು ಅಡ್ಡಡ್ಡ ಅಗಲವಾಗಿ ಕಂಡಿತು. ಡಿಸೈನೇ ತಪ್ಪಿದೆ ಅಂದುಕೊಂಡು, ಕಣ್ಣಿಗೆ ದುಂಡಗೆ ಕಾಣುವವರೆಗೆ ಎರಡು ಬದಿಯಿಂದಲೂ ಒತ್ತಿದೆ. ಮಷೀನ್ ಮೊದಲ ತೋಳು ಹೊಲಿಯಿತು. ಫ್ರೇಮ್ ಬಿಚ್ಚಿ ನೋಡಿದರೆ ಕಾಫಿ ಹೂವು ಎಳೆ ಸೌತೆಕಾಯಿಯ ಹಾಗೆ ಉದ್ದ!

ನವೀನನಿಗೆ ಫೋನ್ ಮಾಡಿದೆ. "ಅವತ್ತು ಕರೆಂಟ್ ಹೋಗಿ, ಟೂಲ್ಸ್ ಅಂತ ಇನ್ನೊಂದು ಸಾಫ್ಟ್‌ವೇರ್ ಹಾಕೋದು ಬಾಕಿ ಆಯ್ತಲ್ಲ ಅಕ್ಕ. ಅದಿಲ್ದೆ ಒಳಗಿನದಕ್ಕೆ ಸ್ಕ್ರೀನ್ ಎಷ್ಟು ಅಗಲ ಅಂತ ಗೊತ್ತೇ ಆಗಲ್ಲ. ನೀವು ಎಳೆದಿದ್ದಕ್ಕೆ ಎಲ್ಲಾ ಅಡ್ಡಕ್ಕೆ ಹಿಗ್ಗಿದೆ ಮಾರಾಯ್ರೆ," ಎಂದ.

ಅವನು ಹೇಳಿದಂತೆ ಟೂಲ್ಸ್ ಹಾಕಿದೆ. ರೀಸ್ಟಾರ್ಟ್. ವಿಡಿಯೋ ಮೆಮೊರಿ ಹೆಚ್ಚಿಸಿದೆ. ಮತ್ತೆ ರೀಸ್ಟಾರ್ಟ್. ತ್ರೀಡಿ ಅಂತ ಇದ್ದಲ್ಲಿ ಟಿಕ್ ಹಾಕಿದೆ, ಸ್ಕ್ರೀನ್ ಪೂರ್ತಿ ಕಪ್ಪು. ಟಿಕ್ ತೆಗೆದೆ. ಮತ್ತೆ ರೀಸ್ಟಾರ್ಟ್. (ಮನುಷ್ಯರಿಗೂ ಆ ಬಟನ್ ಇದ್ದಿದ್ದರೆ ಮೊದಲು ನನಗೇ ಒತ್ತಿಕೊಳ್ಳುತ್ತಿದ್ದೆ.) ಕೊನೆಗೂ ದುಂಡಗಿದ್ದದ್ದು ದುಂಡಗೆ ಕಂಡಿತು. ಖುಷಿಯಾಗಲಿಲ್ಲ. ಸ್ಕ್ರೀನ್ ಸರಿಹೋಯಿತು, ತೋಳು?

ರೇಷ್ಮೆಯ ಮೇಲಿನ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ. ಅದೇ ಸೀರೆಯ ಇನ್ನೊಂದು ತುಂಡು ಎಲ್ಲಿಂದ ತರಲಿ? ದೀಕ್ಷಾಳನ್ನು ಕರೆಸಿ ತೋರಿಸಿದೆ. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹೂವಿನ ಮೇಲೆ ಬೆರಳಾಡಿಸಿದಳು. ಕಣ್ಣು ಒರೆಸಿಕೊಂಡಳು.

"ಹೋಗ್ಲಿ ಬಿಡಿ ಅಕ್ಕ. ಇನ್ನೊಂದಕ್ಕೂ ಹಿಂಗೇ ಹಾಕಿ. ಎರಡೂ ಒಂದೇ ತರ ಇದ್ರೆ ಡಿಸೈನೇ ಹಂಗೆ ಅಂದ್ಕೊಳ್ತಾರೆ."

ಹಾಗಾಗಿ, ಅಷ್ಟೆಲ್ಲ ಒದ್ದಾಡಿ ಸರಿಮಾಡಿದ ಸ್ಕ್ರೀನಿನಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ, ದುಂಡನೆಯ ಹೂವನ್ನು ಬೇಕೆಂದೇ ಒತ್ತಿ ಉದ್ದ ಮಾಡಿದ್ದು. ಮೊದಲ ತೋಳಿಗಿಂತ ಒಂದು ನೂಲೂ ವ್ಯತ್ಯಾಸವಾಗದ ಹಾಗೆ, ಉಸಿರು ಬಿಗಿಹಿಡಿದು ಮಾಡಿದೆ.

ಒಂದು ತೋಳಿನಲ್ಲಿದ್ದರೆ ತಪ್ಪು, ಎರಡರಲ್ಲೂ ಇದ್ದರೆ ಡಿಸೈನ್. ನಮ್ಮ ಮನೆ, ಆಫೀಸು, ಊರು ಎಲ್ಲ ನಡೆಯುತ್ತಿರುವುದೂ ಹೀಗೆಯೇ ಅಲ್ಲವೇ?