ಲೀಲಕ್ಕನ ಮನೆಯ ಕುರ್ಚಿ

ಬಂಗುಡೆ ಸಾರಿಗೆ ಮಸಾಲೆ ಅರೆಯುತ್ತಿದ್ದೆ. ಮೀನು ಮಾರುವ ಕಮಲ ಬಾಗಿಲಲ್ಲಿ ಬುಟ್ಟಿ ಇಳಿಸಿದವಳು, ಮೇಲಿನ ಎಲೆ ಸರಿಸುವ ಮೊದಲೇ ಹೇಳಿದಳು, "ಅಕ್ಕಾ, ನಿಮ್ಮ ಕೆಳಗಿನ ಮನೆಯಲ್ಲಿದ್ರಲ್ಲ, ಬ್ಲೌಸ್ ಹೊಲಿಯುವ ಲೀಲಕ್ಕ, ಅವರು ತೀರಿಹೋದ್ರು. ನಮ್ಮ ತೊಕ್ಕೊಟ್ಟಿನಲ್ಲೇ ಇದ್ದದ್ದಲ್ವಾ."

ಗುಂಡುಕಲ್ಲು ಕೈಯಲ್ಲೇ ನಿಂತಿತು. ಆಗ ಕಣ್ಣಿಗೆ ಬಂದದ್ದು ಲೀಲಕ್ಕನ ಮುಖವಲ್ಲ, ಅವರು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ ಚಪ್ಪಲಿ.

ಫಳ್ನೀರಿನ ನಮ್ಮ ಫ್ಲಾಟಿನಲ್ಲಿ, ಹೊಲಿದ ಬ್ಲೌಸ್ ಕೊಡಲು ಮೇಲಿನ ಮನೆಗಳಿಗೆ ಬರುವಾಗ, ಮೆಟ್ಟಿಲ ಬುಡಕ್ಕೆ ಬಂದೊಡನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದವರು ಲೀಲಕ್ಕ ಒಬ್ಬರೇ. ದೇವಸ್ಥಾನಕ್ಕೆ ಹೊರಟ ಹಾಗೆ ಕಾಣುತ್ತಿತ್ತು. ಎಂತಕ್ಕೆ ಎಂದು ಕೇಳಿದರೆ ದನಿ ತಗ್ಗಿಸಿ, "ನಾವು ಬಾಡಿಗೆಯವರು ಮಾರಾಯ್ತಿ, ನಮ್ಮ ಕಾಲಿಗೆ ಶಬ್ದ ಇರಬಾರದು" ಎನ್ನುತ್ತಿದ್ದರು. ಮೆಟ್ಟಿಲಲ್ಲಿ ಸದ್ದು ಮಾಡಬಾರದು ಎಂಬುದು ಎಲ್ಲರಿಗೂ ಇದ್ದ ನಿಯಮ. ನಮ್ಮ ಮನೆಯ ಹವಾಯಿ ಚಪ್ಪಲಿಗಳು ದಿನವಿಡೀ ಪಟಪಟ ಎಂದು ಇಳಿದು ಹತ್ತಿದರೂ ಯಾರೂ ತಲೆ ಹೊರಗೆ ಹಾಕುತ್ತಿರಲಿಲ್ಲ. ನಾವು ಮಾಲೀಕರು.

ಆ ಕಾಲಕ್ಕೆ ಮಂಗಳೂರಿನಲ್ಲಿ ಫ್ಲಾಟು ಎಂಬುದೇ ಹೊಸತು. ಮನೆ ಕೊಂಡವರೆಲ್ಲ ಸೇರಿ ಅಸೋಸಿಯೇಶನ್ ಮಾಡಿಕೊಂಡು ನಿಯಮಗಳನ್ನು ಟೈಪ್ ಮಾಡಿಸಿ ಪಂಪಿನ ಕೋಣೆಯ ಬಾಗಿಲಿಗೆ ಅಂಟಿಸಿದ್ದರು. ಅದರಲ್ಲಿ ಬಾಡಿಗೆಯವರಿಗೆಂದೇ ಬೇರೆ ಒಂದು ಭಾಗ ಇತ್ತು. ಗೋಡೆಗೆ ಮೊಳೆ ಹೊಡೆಯಬಾರದು, ಎದುರುಗಡೆ ಬಟ್ಟೆ ಒಣಗಿಸಬಾರದು, ನೆಂಟರು ಉಳಿದುಕೊಂಡರೆ ಸೆಕ್ರೆಟರಿಗೆ ತಿಳಿಸಬೇಕು, ಕಟ್ಟಿಗೆಯ ಒಲೆ ಉರಿಸಲೇಬಾರದು. ಉರಿಸಿದರೆ ಮಾಲೀಕರಿಗೆ ಎಚ್ಚರಿಕೆ. ಬಾಡಿಗೆಯವರಾದರೆ ಅವರ ಮಾಲೀಕರು ಮನೆ ಖಾಲಿ ಮಾಡಿಸಬೇಕು.

ಲೀಲಕ್ಕನಿಗೆ ಮೊಳೆಯ ನಿಯಮದಿಂದ ಒಂದು ಪೇಚಾಟ ಇತ್ತು. ಅವರ ಹತ್ತಿರ ಚೌಕಟ್ಟು ಹಾಕಿಸಿದ ದೇವಿಯ ಪಟ ಒಂದಿತ್ತು. ನೇತು ಹಾಕಲು ಮೊಳೆ ಇಲ್ಲ, ನೆಲದ ಮೇಲೆ ಇಡಲು ಮನಸ್ಸಿಲ್ಲ. ಮನೆಯಲ್ಲಿದ್ದ ಒಂದೇ ಮರದ ಕುರ್ಚಿಯನ್ನು ದೇವಿಗೆ ಬಿಟ್ಟುಕೊಟ್ಟರು. ಬ್ಲೌಸ್ ಹೊಲಿಸಲು ಬಂದ ಆಸ್ಪತ್ರೆಯ ನರ್ಸುಗಳಿಗೂ, ಬಾಡಿಗೆ ವಸೂಲಿಗೆ ಬಂದ ಸೆಕ್ರೆಟರಿ ರೈಗಳಿಗೂ ಚಾಪೆಯೇ ಗತಿ. ರೈಗಳು ದೊಡ್ಡ ಮನೆತನದವರು, ಮೊಣಕಾಲು ಮಡಚುವುದು ಅವರಿಗೆ ಕಷ್ಟ. ಒಮ್ಮೆ ಕುರ್ಚಿಯತ್ತ ನೋಡಿದರಂತೆ. "ಅದು ಅಮ್ಮನದ್ದು ರೈಗಳೇ. ನೀವು ಒಂದು ಮೊಳೆಗೆ ಪರ್ಮಿಶನ್ ಕೊಟ್ಟರೆ ಕುರ್ಚಿ ನಿಮಗೆ" ಎಂದರಂತೆ ಲೀಲಕ್ಕ. ರೈಗಳು ನಗುತ್ತಾ ನಿಂತೇ ಇದ್ದು ಬಾಡಿಗೆ ತೆಗೆದುಕೊಂಡು ಹೋದರು. ಪರ್ಮಿಶನ್ ಕೊಡಲಿಲ್ಲ. ಆ ಮನೆಯ ಮಾಲೀಕರು ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾರಣ ಅವರ ಪರವಾಗಿ ನೋಡಿಕೊಳ್ಳುತ್ತಿದ್ದವರು ರೈಗಳೇ.

ಲೀಲಕ್ಕನಿಗೆ ಗಂಡ ಇರಲಿಲ್ಲ, ಮಕ್ಕಳೂ ಇಲ್ಲ. ಹೊಲಿಗೆಯ ಮೆಷಿನು, ಆಸ್ಪತ್ರೆ ಹತ್ತಿರ ಇದ್ದದ್ದರಿಂದ ತಪ್ಪದೆ ಬರುವ ನರ್ಸುಗಳು, ಹಿಂದಿನ ಬಾಗಿಲು ತೆರೆದರೆ ಬಾವಿಕಟ್ಟೆ. ಅಷ್ಟರಲ್ಲಿ ಅವರ ಜೀವನ ನಡೆಯುತ್ತಿತ್ತು. ಆ ಮನೆ ಬಿಟ್ಟರೆ ಗಿರಾಕಿಯೂ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಷ್ಟು ಹೆದರಿಕೆಯ ನಡಿಗೆ.

ಎಂಬತ್ತನೆಯ ಇಸವಿಯ ಸುಮಾರಿಗೆ ನನಗೆ ಎರಡನೆಯ ಮಗು ಹುಟ್ಟಿತು. ಮೊದಲನೆಯದಕ್ಕೆ ಬಾಣಂತನ ಮಾಡಿದ ಅಮ್ಮ ಆಗಲೇ ತೀರಿಹೋಗಿದ್ದಳು. ನಮ್ಮಲ್ಲಿ ಬಾಣಂತಿಯ ಸ್ನಾನ ಎಂದರೆ ನಾಲ್ಕು ಚೊಂಬು ನೀರಲ್ಲ. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಸುಡುನೀರನ್ನು ಸೊಂಟಕ್ಕೆ ರಭಸದಿಂದ ಹೊಯ್ಯಬೇಕು, ನಲವತ್ತು ದಿನ. ನಮ್ಮ ಮನೆಯಲ್ಲಿ ಸೀಮೆಎಣ್ಣೆಯ ಸ್ಟೌವ್. ಎರಡನೆಯ ಪಾತ್ರೆ ಬಿಸಿಯಾಗುವಾಗ ಮೊದಲನೆಯದು ತಣಿದಿರುತ್ತಿತ್ತು. ಮೊದಲ ದಿನ ಬಚ್ಚಲಲ್ಲಿ ನಡುಗುತ್ತಾ ಕುಳಿತು ಅಮ್ಮನನ್ನು ನೆನೆದು ಅತ್ತೆ. ಮರುದಿನ ಬೆಳಿಗ್ಗೆ ಲೀಲಕ್ಕ ಹೊಗೆ ವಾಸನೆಯ ಸೀರೆಯಲ್ಲಿ, ತಾಮ್ರದ ಕೊಡದಲ್ಲಿ ಹಬೆಯಾಡುವ ನೀರು ಹೊತ್ತು ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಬಂದರು. "ಕಣ್ಣು ಮುಚ್ಚಿಕೋ ಮಗಾ, ಬೆನ್ನು ಕೊಡು."

ನೀರು ಎಲ್ಲಿ ಕಾಯಿಸುತ್ತೀರಿ ಎಂದು ಕೇಳಿದ್ದೆ. ಹಿಂದುಗಡೆ ಎಂದಷ್ಟೇ ಹೇಳಿದರು. ಕೋಣೆ ಬಿಟ್ಟು ಹೊರಗೆ ಬರಬಾರದ ನನಗೆ ಬೇರೆ ಗೊತ್ತಾಗುವಂತಿರಲಿಲ್ಲ. ಸಂಜೆ ದೀಪದ ಹೊತ್ತಿಗೆ ದೇವರು ಆ ದಿನ ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿ ಕೈಮುಗಿಯುವುದು ನನ್ನ ಚಿಕ್ಕಂದಿನ ಅಭ್ಯಾಸ. ಮಗುವಿಗೆ ಹಾಲು ಸಾಕಾಯಿತು, ಬೆನ್ನು ನೋವು ಇಳಿಯಿತು, ಬಿಸಿನೀರು ಸಿಕ್ಕಿತು. ಆ ನೀರನ್ನು ದಿನಾ ದೇವರ ಹೆಸರಿಗೇ ಬರೆಯುತ್ತಾ ಹೋದೆ. ಅಷ್ಟೇ ಅಲ್ಲ, ಸುಖ ಅಭ್ಯಾಸವಾದ ಮೇಲೆ ಬಾಯಿ ಬಂತು. "ಲೀಲಕ್ಕ, ಇವತ್ತು ಬಿಸಿ ಸಾಲದು, ಇನ್ನೂ ಒಂದು ಕೊಡ ಬೇಕಿತ್ತು" ಎಂದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಕೆಳಗೆ ಹೋಗಿ ತಂದರು.

ಕೊನೆಯ ದಿನ ನನ್ನ ತಲೆಗೆ ಸಾಂಬ್ರಾಣಿಯ ಹೊಗೆ ಹಾಕುತ್ತಾ, "ಇನ್ನು ನೀನು ಗಟ್ಟಿ. ನನ್ನ ಅಗತ್ಯ ಇಲ್ಲ" ಎಂದರು. ಮರುದಿನ ಮಗುವನ್ನು ಎತ್ತಿಕೊಂಡು ಮೊದಲ ಸಲ ಕೆಳಗಿಳಿದೆ. ಅವರ ಬಾಗಿಲಿಗೆ ಬೀಗ. ಕಿಟಕಿಯಿಂದ ನೋಡಿದರೆ ಒಳಗೆ ಮೆಷಿನೂ ಇಲ್ಲ, ಕುರ್ಚಿಯೂ ಇಲ್ಲ. ಹಿಂದುಗಡೆ ಬಾವಿಕಟ್ಟೆಯ ಹತ್ತಿರ ಮೂರು ಕಲ್ಲುಗಳನ್ನು ತೊಳೆದು ಒಂದರ ಮೇಲೊಂದು ಇಟ್ಟಿದ್ದರು. ಗೋಡೆಗೆ ಹಿಡಿದ ಮಸಿಯನ್ನು ಉಜ್ಜಿ ಉಜ್ಜಿ ತೆಗೆದಿದ್ದರು. ಬಾಡಿಗೆಯವರು ಮನೆಯನ್ನು ಇದ್ದ ಹಾಗೇ ಒಪ್ಪಿಸಬೇಕು ಎಂಬುದೂ ಆ ನಿಯಮಗಳ ಹಾಳೆಯಲ್ಲಿತ್ತು.

ಮೇಲೆ ಬಂದು ಗಂಡನನ್ನು ಕೇಳಿದೆ. ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು. ಒಲೆ ಹಾಕಿ ಒಂದು ವಾರವಾಗುವಾಗ ಹೊಗೆಯ ಬಗ್ಗೆ ದೂರು ಹೋಗಿತ್ತು. ಮೀಟಿಂಗಿನಲ್ಲಿ ಬಾಡಿಗೆಯವರಿಗೆ ಮಾತಿಲ್ಲ, ನನ್ನ ಗಂಡನೇ ಎದ್ದು ನಿಂತು, ನೀರು ನಮ್ಮ ಮನೆಗೆ, ಎಚ್ಚರಿಕೆ ನಮಗೆ ಕೊಡಿ ಎಂದರು. ರೈಗಳು ಕೆಟ್ಟವರಲ್ಲ. ಬಾಣಂತನಕ್ಕೆ ಅಡ್ಡ ಬರುವ ಮನಸ್ಸು ತನಗಿಲ್ಲ, ಆದರೆ ಒಲೆ ಉರಿಸಿದ್ದು ಬಾಡಿಗೆಯವರು, ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು ಎಂದರು. ಬೊಂಬಾಯಿಯ ಮಾಲೀಕರಿಗೂ ತಿಳಿಸಿದರು. ತಂಟೆ ಬೇಡ, ಖಾಲಿ ಮಾಡಿಸಿ ಎಂದು ಅಲ್ಲಿಂದ ಉತ್ತರ ಬಂತು. ಒಲೆ ಆರಿಸಿ ಕ್ಷಮೆ ಕೇಳಿದರೆ ತಾನೇ ಮಾಲೀಕರಿಗೆ ಹೇಳಿ ನೋಡುತ್ತೇನೆಂದು ರೈಗಳು ಲೀಲಕ್ಕನಿಗೆ ಒಂದು ದಾರಿಯನ್ನೂ ತೋರಿಸಿದರು.

ಲೀಲಕ್ಕ ಆ ದಾರಿ ಹಿಡಿಯಲಿಲ್ಲ. "ನಲವತ್ತು ಮುಗಿಯುವವರೆಗೆ ಒಲೆ ಉರಿಯಲಿ ರೈಗಳೇ. ಮತ್ತೆ ನಾನಾಗಿ ಬೀಗದ ಕೈ ತಂದು ಕೊಡ್ತೇನೆ" ಎಂದರಂತೆ. ನನ್ನ ಗಂಡನಿಗೂ ಒಂದು ಮಾತು ಹೇಳಿದ್ದರು, "ಬಾಣಂತಿಯ ಕಿವಿಗೆ ಹಾಕಬೇಡಿ. ಮನಸ್ಸಿಗೆ ಹಚ್ಚಿಕೊಂಡರೆ ಹಾಲು ಬತ್ತೀತು."

ಅಂದರೆ ನಾನು ಬಿಸಿ ಸಾಲದು ಎಂದ ದಿನ ಅವರು ಮನೆಯನ್ನು ಆಗಲೇ ಬಿಟ್ಟುಕೊಟ್ಟಾಗಿತ್ತು. ನನಗೆ ಗೊತ್ತಿರಲಿಲ್ಲ, ನಿಜ. ಗೊತ್ತಿರಲಿಲ್ಲ ಎಂಬುದು ಕೋರ್ಟಿಗೆ ಸಾಕಾಗಬಹುದು, ದೀಪದ ಎದುರು ಸಾಲುವುದಿಲ್ಲ. ಆ ಸಂಜೆ ಕೈಮುಗಿದವಳು ಬಿಸಿನೀರಿನ ಹತ್ತಿರ ಬಂದಾಗ ಅರ್ಧಕ್ಕೇ ಎದ್ದೆ.

ಮಗು ನಡೆಯಲು ಕಲಿತ ಮೇಲೆ, ಲೀಲಕ್ಕ ಅಲ್ಲಿದ್ದಾರೆಂದು ತಿಳಿದು ಒಮ್ಮೆ ತೊಕ್ಕೊಟ್ಟಿಗೆ ಹೋದೆ. ಸೇತುವೆ ದಾಟುವಾಗ ಬಸ್ಸಿನಲ್ಲಿ ಹೇಳಬೇಕಾದದ್ದನ್ನೆಲ್ಲ ಕೂಡಿಸಿಟ್ಟುಕೊಂಡಿದ್ದೆ. ಪೇಟೆಯ ಹಿಂದಿನ ಓಣಿಯಲ್ಲಿ ಹಂಚಿನ ಒಂದು ಕೋಣೆ. ಮೆಷಿನಿನ ಮೇಲೆ ಬಟ್ಟೆ ಮುಚ್ಚಿತ್ತು, ಹೊಲಿಗೆ ಹೆಚ್ಚು ಬರುತ್ತಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಲೀಲಕ್ಕ ಬಡವಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಸೊಂಟಕ್ಕೆ ಕೈಯಿಟ್ಟು ಒತ್ತಿ ನೋಡಿ, "ನೋವು ಉಂಟಾ ಈಗ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಎಂತಕ್ಕೆ ಅಳುದು?"

ನಾನು ಎಂದಿನ ಹಾಗೆ ಚಾಪೆ ಹುಡುಕಿದೆ.

"ಅಲ್ಲಿ ಬೇಡ ಮಗಾ. ಮೇಲೆ ನೋಡು."

ಗೋಡೆಯಲ್ಲಿ ಕೈಬೆರಳಷ್ಟು ದಪ್ಪದ ಮೊಳೆ, ಅದರಲ್ಲಿ ದೇವಿಯ ಪಟ. "ಇಲ್ಲಿ ಮೊಳೆಗೆ ಯಾರೂ ಕೇಳುದಿಲ್ಲ. ಕೂತ್ಕೋ. ಕುರ್ಚಿ ಖಾಲಿ ಉಂಟು."

ಕುಳಿತೆ. ಅವರು ಕೆಳಗೆ ಚಾಪೆಯ ಮೇಲೆ ಕುಳಿತು ಮಗುವನ್ನು ಮಡಿಲಿಗೆ ಹಾಕಿಕೊಂಡರು. ಆ ಕುರ್ಚಿಯಲ್ಲಿ ಕುಳಿತಷ್ಟು ಹೊತ್ತು ಬೆನ್ನು ಒರಗಿಸಲಿಕ್ಕೆ ಆಗಲಿಲ್ಲ. ಮತ್ತೆ ನಾನು ಅವರನ್ನು ನೋಡಲಿಲ್ಲ.

"ಅಕ್ಕಾ, ಬಂಗುಡೆ ಎಷ್ಟು ಹಾಕ್ಲಿ? ಹೊಳೀತಾ ಉಂಟು ನೋಡಿ" ಎಂದಳು ಕಮಲ.

ಬೇಡ ಎಂದೆ. ಮಸಾಲೆ ಅರೆದಿಟ್ಟು ಬೇಡ ಅನ್ನುವುದಾ ಎಂದು ಅವಳು ನನ್ನನ್ನೂ ಕಲ್ಲನ್ನೂ ನೋಡಿದಳು. ಸೂತಕಕ್ಕೆ ಲೀಲಕ್ಕ ನನಗೆ ಏನೂ ಆಗಬೇಕಾದವರಲ್ಲ. ಅಮ್ಮ ಹೋದಾಗ ಮೀನು ಬಿಟ್ಟಿದ್ದೆ, ಅಷ್ಟೇ ನೆನಪಾಯಿತು. ಅವಳು ಬುಟ್ಟಿ ಎತ್ತಿಕೊಂಡು ಹೋದ ಮೇಲೆ, ಕಲ್ಲಿನ ಮೇಲಿದ್ದ ಮಸಾಲೆಯನ್ನು ಬಳಿದು ಪಾತ್ರೆಗೆ ಹಾಕಿ, ಅದೇ ಮಸಾಲೆಗೆ ಹಾಕಲೆಂದು ಅಡಿಗೆಮನೆಯ ಮೂಲೆಯಲ್ಲಿ ತೂಗಹಾಕಿದ್ದ ಸೌತೆಕಾಯಿಯೊಂದನ್ನು ಬಿಚ್ಚಿ ತಂದು, ಸಿಪ್ಪೆ ತೆಗೆಯಲು ಕುಳಿತೆ.